ಹಂಚಿಕೊಂಡ ರೆಪೊದಲ್ಲಿ ಫಾರ್ಮ್ಯಾಟಿಂಗ್ ಕಡ್ಡಾಯ ಮಾಡುವುದು: ಎಲ್ಲಿ ತಡೆಯಬೇಕು, ಎಷ್ಟು ತಡೆಯಬೇಕು?

ರೆಪೊ_ಕಾವಲು

ಹಲವು ತಂಡಗಳು ಸೇರಿ ಬಳಸುವ ಒಂದು ರೆಪೊ, ಅಂದರೆ ಕೋಡ್ ಭಂಡಾರ, ನೋಡಿಕೊಳ್ಳುವ ಕೆಲಸ ನನ್ನದು. ಪೈಥಾನ್ ಜಾಸ್ತಿ, ಜೊತೆಗೆ ಜಾವಾಸ್ಕ್ರಿಪ್ಟ್, ಒಂದು ಫೋಲ್ಡರ್ ತುಂಬ ಹಳೆಯ ಸಿ++. ಕೋಡ್ ಹೇಗೆ ಜೋಡಿಸಬೇಕು ಅಂತ ನಿಯಮಗಳನ್ನು ಬರೆದಿಟ್ಟು ತುಂಬಾ ದಿನವಾಯಿತು. ಆದರೆ ಅದನ್ನು ತೆರೆದು ಓದುವವರು ಕಮ್ಮಿ. ಓದಿದವರೂ ತಮಗೆ ಹಿಡಿಸಿದ್ದನ್ನಷ್ಟೇ ಪಾಲಿಸುತ್ತಾರೆ.

ಇತ್ತೀಚಿನ ಒಂದು ಪುಲ್ ರಿಕ್ವೆಸ್ಟ್ (ಬದಲಾವಣೆಯನ್ನು ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ನೋಡಿದ ಮೇಲೆ ಈ ಚರ್ಚೆ ಶುರು ಮಾಡಲೇಬೇಕು ಅನಿಸಿತು. ರಿಯಾಯಿತಿ ಲೆಕ್ಕ ಹಾಕುವ ಒಂದು ಫಂಕ್ಷನ್. ಅದರಲ್ಲಿ ಮಿತಿಗಿಂತ ಜಾಸ್ತಿ ಇದ್ದರೆ ಅನ್ನುವ ಷರತ್ತು, ಮಿತಿಯಷ್ಟೇ ಇದ್ದರೂ ಸರಿ ಅಂತ ಬದಲಾಗಿತ್ತು. ಕೋಡಿನಲ್ಲಿ ಸೇರಿದ್ದು ಒಂದು ಸಮ ಚಿಹ್ನೆ ಮಾತ್ರ. ಆದರೆ ಬರೆದವರ ಎಡಿಟರ್ ಸೇವ್ ಮಾಡುವಾಗ ಇಡೀ ಫೈಲನ್ನು ತನ್ನಿಷ್ಟಕ್ಕೆ ಜೋಡಿಸಿಬಿಟ್ಟಿತ್ತು. ಒಂಟಿ ಕೋಟ್‌ಗಳೆಲ್ಲ ಜೋಡಿ ಕೋಟ್ ಆಗಿದ್ದವು, ಉದ್ದದ ಸಾಲುಗಳು ಮುರಿದಿದ್ದವು. ಏನು ಬದಲಾಗಿದೆ ಅಂತ ತೋರಿಸುವ ಡಿಫ್ ತೆರೆದರೆ ಮೇಲಿಂದ ಕೆಳಗಿನವರೆಗೆ ಕೆಂಪು, ಹಸಿರು. ರಿವ್ಯೂ ಮಾಡಿದವರು ಬರೆದ ಕಾಮೆಂಟ್‌ಗಳೆಲ್ಲ ಕೋಟ್ ಬಗ್ಗೆ, ಖಾಲಿ ಸಾಲುಗಳ ಬಗ್ಗೆ. ಆ ಸಮ ಚಿಹ್ನೆಯ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ದುಡ್ಡಿನ ಲೆಕ್ಕ ಬದಲಾಗುವ ಜಾಗ ಅದೊಂದೇ ಆಗಿತ್ತು.

ನನ್ನ ನಿಲುವು ನೇರ. ಜೋಡಣೆಯ ವಿಷಯವನ್ನು ರಿವ್ಯೂನಿಂದ ಪೂರ್ತಿ ಹೊರಗೆ ಹಾಕಬೇಕು. ಮನುಷ್ಯರು ಅದರ ಬಗ್ಗೆ ಕಾಮೆಂಟ್ ಬರೆಯುವ ಪರಿಸ್ಥಿತಿಯೇ ಬರಬಾರದು. ಅದಕ್ಕೆ ಕೋಡನ್ನು ತಾನೇ ಜೋಡಿಸುವ ಫಾರ್ಮ್ಯಾಟರ್ ಇರಬೇಕು, ಅದು ಕಡ್ಡಾಯವೂ ಆಗಬೇಕು. ಎಲ್ಲಿ ಕಡ್ಡಾಯ ಮಾಡಬೇಕು, ಹಳೆಯ ಕೋಡನ್ನು ಏನು ಮಾಡಬೇಕು, ಯಾರಿಗೆ ವಿನಾಯಿತಿ ಕೊಡಬೇಕು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಇಂಥ ರೆಪೊ ನಡೆಸಿದವರು ಹೇಳಿ.

ಪೈಥಾನ್_ದಿನಚರಿ

ಎಲ್ಲಿ ಅನ್ನುವುದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಎಡಿಟರ್, ಕಮಿಟ್ ಹುಕ್ (ಬದಲಾವಣೆ ದಾಖಲಿಸುವಾಗ, ಅಂದರೆ ಕಮಿಟ್ ಮಾಡುವಾಗ, ತಾನಾಗಿ ಓಡುವ ಸ್ಕ್ರಿಪ್ಟ್), ಸಿಐ (ಕಳಿಸಿದ ಕೋಡನ್ನು ಸರ್ವರಿನಲ್ಲಿ ತಾನಾಗಿ ಪರೀಕ್ಷಿಸುವ ವ್ಯವಸ್ಥೆ), ಈ ಮೂರು ಜಾಗದಲ್ಲೂ ಫಾರ್ಮ್ಯಾಟರ್ ಓಡಿಸಬಹುದು. ಆದರೆ ಕಡ್ಡಾಯ ಅನ್ನುವ ಮಾತಿಗೆ ಬೆಲೆ ಇರುವುದು ಸಿಐನಲ್ಲಿ ಮಾತ್ರ.

ತುಂಬಾ ಜನ ಹುಕ್ ಹಾಕಿಬಿಟ್ಟರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕೋಡಿನ ಇತಿಹಾಸ ಕಾಯುವ ಉಪಕರಣವಾದ ಗಿಟ್‌ನ ಹುಕ್‌ಗಳು ರೆಪೊ ಕ್ಲೋನ್ (ನಕಲು) ಮಾಡಿದಾಗ ಜೊತೆಗೆ ಬರುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಯಂತ್ರದಲ್ಲಿ ಒಂದು ಸಲ ಇನ್‌ಸ್ಟಾಲ್ ಮಾಡಿಕೊಳ್ಳಬೇಕು. 2016ರಲ್ಲಿ ಬಂದ ಗಿಟ್ 2.9ರಿಂದ ಹುಕ್‌ಗಳನ್ನು ರೆಪೊದ ಒಳಗಿನ ಒಂದು ಫೋಲ್ಡರ್‌ನಲ್ಲೇ ಇಡಬಹುದು, ಆದರೂ ಆ ಫೋಲ್ಡರ್ ಬಳಸು ಅಂತ ಗಿಟ್‌ಗೆ ಹೇಳುವ ಸೆಟ್ಟಿಂಗ್ ಅವರವರೇ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೂ ಕಮಿಟ್ ಮಾಡುವಾಗ ನೋ-ವೆರಿಫೈ ಅಂತ ಸೇರಿಸಿದರೆ ಹುಕ್ ಸುಮ್ಮನಾಗುತ್ತದೆ. ಅದು ಕಳ್ಳದಾರಿ ಏನಲ್ಲ. ಅರ್ಧ ಮುಗಿದ ಕೆಲಸವನ್ನು ಉಳಿಸಿಡಬೇಕಾದಾಗ ಅದು ಬೇಕೇ ಬೇಕು. ಹಾಗಾಗಿ ಹುಕ್ ಇರುವುದು ನಮ್ಮ ಅನುಕೂಲಕ್ಕೆ, ತಪ್ಪನ್ನು ಬೇಗ ತೋರಿಸುವುದಕ್ಕೆ. ಅದನ್ನೇ ಕಾವಲು ಅಂದುಕೊಂಡರೆ ನಿರಾಸೆ ಖಂಡಿತ.

ಸಿಐನಲ್ಲಿ ಫಾರ್ಮ್ಯಾಟರನ್ನು, ಏನೂ ಬದಲಿಸದೆ ಬರೀ ಪರೀಕ್ಷಿಸುವ ಚೆಕ್ ಮೋಡ್‌ನಲ್ಲಿ ಓಡಿಸಿ. ಪೈಥಾನ್‌ನ ಬ್ಲ್ಯಾಕ್, ಜಾವಾಸ್ಕ್ರಿಪ್ಟ್‌ನ ಪ್ರಿಟಿಯರ್, ರಸ್ಟ್ ಭಾಷೆಯ ರಸ್ಟ್‌ಎಫ್‌ಎಂಟಿ, ಎಲ್ಲದರಲ್ಲೂ ಆ ಆಯ್ಕೆ ಇದೆ. ಆ ಚೆಕ್ ಪಾಸಾಗದೆ ಮರ್ಜ್ (ಬದಲಾವಣೆ ಸೇರಿಸುವ) ಬಟನ್ ತೆರೆಯದ ಹಾಗೆ ಮುಖ್ಯ ಬ್ರಾಂಚಿಗೆ (ಕೋಡಿನ ಮುಖ್ಯ ಕವಲಿಗೆ) ಬೀಗ ಹಾಕಿ. ಫೇಲ್ ಆದಾಗ ಬರುವ ಸಂದೇಶದ ಮೊದಲ ಸಾಲಿನಲ್ಲೇ ಸರಿ ಮಾಡುವ ಆದೇಶ ಇರಲಿ, ಕಾಪಿ ಮಾಡಿ ಓಡಿಸಿದರೆ ಮುಗಿಯಬೇಕು. "ಫಾರ್ಮ್ಯಾಟಿಂಗ್ ತಪ್ಪಾಗಿದೆ, ಶೈಲಿ ದಾಖಲೆ ನೋಡಿ" ಅಂತ ಬರೆದರೆ ಜನರಿಗೆ ರೇಗುತ್ತದೆ. ರೇಗುವುದು ನ್ಯಾಯವೇ.

ಇನ್ನೊಂದು ಮುಖ್ಯ ಮಾತು, ಆವೃತ್ತಿ. ಬ್ಲ್ಯಾಕ್ ವರ್ಷಕ್ಕೊಂದು ಸಲ ತನ್ನ ಸ್ಥಿರ ಶೈಲಿಯನ್ನು ಪರಿಷ್ಕರಿಸುತ್ತದೆ. ಸಿಐನಲ್ಲಿ ಹೊಸದು, ಹುಕ್‌ನಲ್ಲಿ ಹಳೆಯದು ಇದ್ದರೆ ಒಂದು ಕಡೆ ಪಾಸಾದದ್ದು ಇನ್ನೊಂದು ಕಡೆ ಫೇಲ್. ಯಾರ ತಪ್ಪೂ ಇಲ್ಲದೆ ಇಡೀ ತಂಡದ ಬಿಲ್ಡ್ ಒಂದು ಬೆಳಿಗ್ಗೆ ಕೆಂಪಾಗುತ್ತದೆ. ಆವೃತ್ತಿ ಸಂಖ್ಯೆ ಒಂದೇ ಫೈಲಿನಲ್ಲಿ ಬರೆದಿರಲಿ, ಎಲ್ಲರೂ ಅಲ್ಲಿಂದಲೇ ಓದಲಿ. ಬದಲಿಸುವಾಗ ಅದಕ್ಕೇ ಒಂದು ಪ್ರತ್ಯೇಕ ಪುಲ್ ರಿಕ್ವೆಸ್ಟ್ ಇರಲಿ.

ಎರಡು_ಸ್ಪೇಸ್

ಫೇಲ್ ಮಾಡಿ ವಾಪಸ್ ಕಳಿಸುವ ಬದಲು ಬಾಟ್ ತಾನೇ ಸರಿ ಮಾಡಿ ಕಮಿಟ್ ಹಾಕಬಾರದಾ? ಯಂತ್ರಕ್ಕೆ ಉತ್ತರ ಗೊತ್ತಿದೆ. ಹಾಗಿದ್ದ ಮೇಲೆ ಮನುಷ್ಯರನ್ನು ಯಾಕೆ ಓಡಾಡಿಸಬೇಕು?

ಟೆಸ್ಟ್_ಹಸಿರು

@ಎರಡು_ಸ್ಪೇಸ್ ಅವರೇ, ಕೇಳಲು ಚೆನ್ನಾಗಿದೆ, ನಡೆಸಲು ಕಷ್ಟ. ನಿಮ್ಮ ಬ್ರಾಂಚಿಗೆ ಬಾಟ್ ಒಂದು ಕಮಿಟ್ ಸೇರಿಸಿತು ಅಂದುಕೊಳ್ಳಿ. ನಿಮ್ಮ ಯಂತ್ರದಲ್ಲಿರುವ ಬ್ರಾಂಚ್ ಆಗಲೇ ಹಳತಾಯಿತು. ನೀವು ಇನ್ನೊಂದು ಬದಲಾವಣೆ ಪುಶ್ ಮಾಡಲು ಹೋದರೆ ಗಿಟ್ ಬೇಡ ಅನ್ನುತ್ತದೆ. ಅನುಭವ ಇರುವವರು ಪುಲ್ ಮಾಡಿ ಮುಂದೆ ಹೋಗುತ್ತಾರೆ. ಹೊಸಬರು ಗಾಬರಿಯಾಗಿ ಫೋರ್ಸ್ ಪುಶ್ ಮಾಡುತ್ತಾರೆ, ಬಾಟ್ ಮತ್ತೆ ಕಮಿಟ್ ಹಾಕುತ್ತದೆ.

ಗಿಟ್‌ಹಬ್‌ನ ಸಿಐ ಆದ ಆಕ್ಷನ್ಸ್‌ನಲ್ಲಿ ಇನ್ನೊಂದು ತೊಡಕಿದೆ. ಅದರ ಮಾಮೂಲಿ ಟೋಕನ್ ಬಳಸಿ ಬಾಟ್ ಪುಶ್ ಮಾಡಿದರೆ ಆ ಕಮಿಟ್‌ಗೆ ಸಿಐ ಮತ್ತೆ ಓಡುವುದಿಲ್ಲ. ಬಿಲ್ಡ್ ತನ್ನನ್ನು ತಾನೇ ಕರೆದುಕೊಂಡು ಸುತ್ತುತ್ತಾ ಇರಬಾರದು ಅಂತ ಬೇಕಂತಲೇ ಹಾಗೆ ಮಾಡಿದ್ದಾರೆ. ಪರಿಣಾಮ ಏನು? ಕಡ್ಡಾಯ ಚೆಕ್ ಕಾಯುತ್ತಲೇ ಕೂರುತ್ತದೆ, ಮರ್ಜ್ ಆಗುವುದಿಲ್ಲ. ಬೇರೆ ಟೋಕನ್ ಕೊಟ್ಟು ದಾಟಬಹುದು, ಆದರೆ ಬರೆಯುವ ಹಕ್ಕಿರುವ ಇನ್ನೊಂದು ಕೀಲಿಯನ್ನು ನೀವು ಕಾಯಬೇಕಾಗುತ್ತದೆ. ಸಹಿ ಮಾಡಿದ ಕಮಿಟ್ ಮಾತ್ರ ಬೇಕು ಅನ್ನುವ ರೆಪೊ ಆದರೆ ಅದು ಬೇರೆಯೇ ತಲೆನೋವು.

ಚೆಕ್ ಮಾಡು, ಸರಿ ಮಾಡುವ ಆದೇಶ ತೋರಿಸು, ನಿಲ್ಲು. ಸಿಐ ಇಷ್ಟು ಮಾಡಿದರೆ ಸಾಕು.

ಹಳೆಕೋಡ್

ಎಲ್ಲರೂ ಒಪ್ಪಿಕೊಂಡು ಮುಂದೆ ಹೋಗುವ ಮೊದಲು ನನ್ನ ಆಕ್ಷೇಪ ಕೇಳಿ. ಫಾರ್ಮ್ಯಾಟರ್ ಬೇಡ ಅನ್ನುವವನು ನಾನಲ್ಲ. ಕುರುಡಾಗಿ ಹೇರಬೇಡಿ ಅನ್ನುತ್ತಿದ್ದೇನೆ.

ಜೋಡಣೆಯಲ್ಲಿ ಅರ್ಥ ಇರುವ ಕೋಡ್ ಇದೆ. ನಾಲ್ಕು ಸಾಲು, ನಾಲ್ಕು ಕಾಲಂ ಇರುವ ಒಂದು ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಬರೆದವರು ಮೈನಸ್ ಚಿಹ್ನೆಗೂ ಜಾಗ ಬಿಟ್ಟು ಒಂದರ ಕೆಳಗೆ ಒಂದು ಬರುವ ಹಾಗೆ ಸಂಖ್ಯೆ ಇಟ್ಟಿದ್ದಾರೆ. ಕರ್ಣದ ಮೇಲೆ ಒಂದು ಸೊನ್ನೆ ತಪ್ಪಾಗಿ ಬಿದ್ದಿದ್ದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಫಾರ್ಮ್ಯಾಟರ್ ಹಾದುಹೋದ ಮೇಲೆ ಆ ಹೆಚ್ಚುವರಿ ಸ್ಪೇಸ್‌ಗಳೆಲ್ಲ ಮಾಯ. ಪಟ್ಟಿ ಉದ್ದ ಇದ್ದರೆ ಸಂಖ್ಯೆಗೊಂದು ಸಾಲಿನಂತೆ ಹದಿನಾರು ಸಾಲು ಕೆಳಗೆ ಇಳಿಯುತ್ತದೆ. ಆಮೇಲೆ ಅದನ್ನು ಮ್ಯಾಟ್ರಿಕ್ಸ್ ಅಂತ ಯಾರೂ ಗುರುತಿಸಲಾರರು. ಸಿಗ್ನಲ್‌ಗಳ ಬಿಟ್ ನಕ್ಷೆ, ಟೆಸ್ಟ್ ಡೇಟಾದ ಕೋಷ್ಟಕ, ಇವೆಲ್ಲದರ ಕಥೆಯೂ ಇದೇ.

ಪೈಥಾನ್‌ನವರ ಪೆಪ್ 8 ಇದೆಯಲ್ಲ, 2001ರ ಶೈಲಿ ದಾಖಲೆ. ನಿಯಮ ಪಾಲಿಸಿದರೆ ಓದುವುದು ಕಷ್ಟವಾಗುತ್ತದೆ ಅನಿಸಿದ ಕಡೆ ನಿಯಮ ಬಿಡಿ ಅಂತ ಅದೇ ಹೇಳುತ್ತದೆ. ಆ ವಿವೇಕ ಮನುಷ್ಯರಿಗೆ ಇದೆ, ಉಪಕರಣಕ್ಕೆ ಇಲ್ಲ.

ಎರಡನೆಯದು ಇತಿಹಾಸ. ಹಳೆಯ ಕೋಡಿನಲ್ಲಿ ಕೆಲಸ ಮಾಡುವವರಿಗೆ ಯಾವ ಸಾಲು ಯಾವ ಕಮಿಟ್‌ನಲ್ಲಿ ಬಂತು ಅಂತ ತೋರಿಸುವ ಗಿಟ್ ಬ್ಲೇಮ್ ಊರುಗೋಲು. ಈ ವಿಚಿತ್ರ ಷರತ್ತು ಯಾಕೆ ಬಂತು, ಯಾವ ದೂರು ಸರಿ ಮಾಡಲು ಬಂತು ಅನ್ನುವುದು ಆ ಸಾಲಿನ ಕಮಿಟ್ ಸಂದೇಶದಲ್ಲಿ ಇರುತ್ತದೆ. ಇಡೀ ರೆಪೊ ಮರುಜೋಡಿಸಿದರೆ ಪ್ರತಿ ಸಾಲಿನ ಮುಂದೂ "ಫಾರ್ಮ್ಯಾಟರ್ ಓಡಿಸಲಾಗಿದೆ" ಅನ್ನುವ ಒಂದೇ ಉತ್ತರ. ಬರೆದವರು ತಂಡ ಬಿಟ್ಟು ಹೋಗಿರುತ್ತಾರೆ, ಯಾರನ್ನು ಕೇಳುವುದು?

ಮೂರನೆಯದು, ತೆರೆದಿರುವ ಬ್ರಾಂಚ್‌ಗಳು. ನಮ್ಮಲ್ಲಿ ತಿಂಗಳುಗಟ್ಟಲೆ ನಡೆಯುವ ಕೆಲಸ ಇರುತ್ತದೆ. ಮರುಜೋಡಣೆ ಮರ್ಜ್ ಆದ ಮರುದಿನ ಅವರ ಬ್ರಾಂಚ್ ತುಂಬ ಕಾನ್‌ಫ್ಲಿಕ್ಟ್, ಒಂದೇ ಸಾಲಿಗೆ ಎರಡು ಕಡೆಯ ಬದಲಾವಣೆಗಳ ತಿಕ್ಕಾಟ. ಆ ಹೊರೆ ಹೊರುವವರು ಯಾರು?

ಸಿ++_ಬಳಕೆ

@ಹಳೆಕೋಡ್ ಅವರೇ, ನಿಮ್ಮ ಮೂರೂ ಆಕ್ಷೇಪ ನಿಜ. ಮೂರಕ್ಕೂ ದಾರಿ ಇದೆ ಅನ್ನುವುದೂ ನಿಜ.

ಮ್ಯಾಟ್ರಿಕ್ಸ್ ವಿಷಯ ಸುಲಭ. ಬ್ಲ್ಯಾಕ್‌ನಲ್ಲಿ, ಸಿ++ಗೆ ಬಳಸುವ ಕ್ಲಾಂಗ್-ಫಾರ್ಮ್ಯಾಟ್‌ನಲ್ಲಿ ಇಲ್ಲಿಂದ ಇಲ್ಲಿಯವರೆಗೆ ಮುಟ್ಟಬೇಡ ಅಂತ ಕಾಮೆಂಟ್ ಹಾಕಬಹುದು. ಪ್ರಿಟಿಯರ್‌ನಲ್ಲಿ ಮುಂದಿನ ಒಂದು ತುಂಡನ್ನು ಬಿಡು ಅಂತ ಹೇಳಬಹುದು. ರಸ್ಟ್‌ನಲ್ಲಿ ಅದಕ್ಕೇ ಒಂದು ಗುರುತು ಇದೆ. ಒಂದು ವಿನಂತಿ, ಆ ಕಾಮೆಂಟಿನ ಪಕ್ಕದಲ್ಲೇ ಕಾರಣ ಬರೆಯಿರಿ. ಕಾರಣ ಇಲ್ಲದ ವಿನಾಯಿತಿಯನ್ನು ಮುಂದಿನವರು ಅಳಿಸಲು ಹೆದರುತ್ತಾರೆ, ಅದು ಸುಮ್ನೆ ಉಳಿದುಬಿಡುತ್ತದೆ.

ಬ್ಲೇಮ್‌ಗೆ 2019ರ ಗಿಟ್ 2.23ರಲ್ಲಿ ಪರಿಹಾರ ಬಂತು. ಬಿಟ್ಟುಬಿಡಬೇಕಾದ ಕಮಿಟ್‌ಗಳ ಹ್ಯಾಶ್‌ಗಳನ್ನು (ಗುರುತಿನ ಸಂಕೇತಗಳನ್ನು) ಒಂದು ಫೈಲಿನಲ್ಲಿ ಬರೆದಿಟ್ಟರೆ ಬ್ಲೇಮ್ ಅವನ್ನು ದಾಟಿ ಅದಕ್ಕೂ ಹಿಂದಿನ ಕಮಿಟ್ ತೋರಿಸುತ್ತದೆ. ಡಾಟ್ ಗಿಟ್-ಬ್ಲೇಮ್-ಇಗ್ನೋರ್-ರೆವ್ಸ್ ಅನ್ನುವ ಹೆಸರಿನಲ್ಲಿ ರೆಪೊದ ಮೇಲ್ತುದಿಯಲ್ಲಿ ಇಟ್ಟರೆ ಗಿಟ್‌ಹಬ್‌ನ ಬ್ಲೇಮ್ ಪುಟವೂ ಅದನ್ನು ಗಮನಿಸುತ್ತದೆ. ಸ್ವಂತ ಯಂತ್ರದಲ್ಲಿ ಮಾತ್ರ ಒಂದು ಸಲ ಸೆಟ್ಟಿಂಗ್ ಹಾಕಬೇಕು. ಪೂರ್ತಿ ಕರಾರುವಾಕ್ಕು ಅಂತ ಹೇಳಲಾರೆ. ಒಂದು ಸಾಲು ಐದಾಗಿ ಒಡೆದಿದ್ದರೆ ಗಿಟ್ ಊಹೆ ಮಾಡಬೇಕಾಗುತ್ತದೆ. ಆದರೆ ನೀವು ಹೇಳಿದ ಒಂದೇ ಉತ್ತರದ ಗೋಡೆ ಇರುವುದಿಲ್ಲ. ಇದು ಕೆಲಸ ಮಾಡಬೇಕಾದರೆ ಆ ಕಮಿಟ್‌ನಲ್ಲಿ ಫಾರ್ಮ್ಯಾಟರ್ ಮಾಡಿದ್ದು ಬಿಟ್ಟು ಬೇರೆ ಒಂದಕ್ಷರವೂ ಇರಬಾರದು. ನಡುವೆ ಒಂದು ಸಣ್ಣ ಬಗ್ ಫಿಕ್ಸ್ ಸೇರಿಸಿಬಿಟ್ಟರೆ ಅದೂ ಬ್ಲೇಮ್‌ನಿಂದ ಮರೆಯಾಗುತ್ತದೆ.

ವಿವೇಕದ ಬಗ್ಗೆ ಒಂದು ಮಾತು. 2014ರ ಫೆಬ್ರವರಿಯಲ್ಲಿ ಆ್ಯಪಲ್‌ನ ಎಸ್‌ಎಸ್‌ಎಲ್ ಕೋಡಿನಲ್ಲಿ ಸಿಕ್ಕ ದೋಷ ನೆನಪಿದೆಯಾ? ಗೋಟು ಫೇಲ್ ಅನ್ನುವ ಸಾಲು ಎರಡು ಸಲ ಬಿದ್ದಿತ್ತು. ಮೇಲಿನ ಇಫ್‌ಗೆ ಬ್ರೇಸ್ ಇರಲಿಲ್ಲ. ಹಾಗಾಗಿ ಮೊದಲನೆಯದು ಮಾತ್ರ ಇಫ್‌ಗೆ ಸೇರಿದ್ದು, ಎರಡನೆಯದು ಯಾವ ಷರತ್ತೂ ಇಲ್ಲದೆ ಪ್ರತಿ ಸಲ ಓಡುತ್ತಿತ್ತು. ಸರ್ವರಿನ ಸಹಿ ಪರೀಕ್ಷೆಯ ಕೊನೆಯ ಹಂತಕ್ಕೆ ಕೋಡ್ ಹೋಗುತ್ತಲೇ ಇರಲಿಲ್ಲ. ಆದರೆ ಎರಡೂ ಸಾಲು ಒಂದೇ ಇಂಡೆಂಟ್‌ನಲ್ಲಿ ಇದ್ದವು, ಎರಡೂ ಇಫ್ ಒಳಗೇ ಇರುವಂತೆ ಕಾಣುತ್ತಿತ್ತು. ಫಾರ್ಮ್ಯಾಟರ್ ಓಡಿದ್ದರೆ ಎರಡನೆಯ ಸಾಲನ್ನು ಎಡಕ್ಕೆ, ಇಫ್‌ನ ಮಟ್ಟಕ್ಕೆ ಎಳೆದಿರುತ್ತಿತ್ತು. ದೋಷ ಸರಿಯಾಗುತ್ತಿರಲಿಲ್ಲ, ಕಾಣುತ್ತಿತ್ತು. ಕಂಪೈಲರ್ ಅರ್ಥ ಮಾಡಿಕೊಂಡ ಹಾಗೆಯೇ ಕೋಡನ್ನು ನಮಗೆ ತೋರಿಸುವುದು ಫಾರ್ಮ್ಯಾಟರ್‌ನಿಂದ ಆಗುವ ದೊಡ್ಡ ಉಪಕಾರ. 2016ರಲ್ಲಿ ಬಂದ ಜಿಸಿಸಿ 6 ಕಂಪೈಲರ್‌ನಲ್ಲಿ ಇಂಥ ದಾರಿತಪ್ಪಿಸುವ ಇಂಡೆಂಟ್‌ಗೆ ಅಂತಲೇ ಎಚ್ಚರಿಕೆ ಸೇರಿಸಿದರು.

ಮರ್ಜ್_ಮಾಡುವವಳು

ತೆರೆದಿರುವ ಬ್ರಾಂಚ್‌ಗಳ ವಿಷಯಕ್ಕೆ ನಾನು ಬರೆಯುತ್ತೇನೆ. ಇದು ಗೊತ್ತಿಲ್ಲದೆ ಎಷ್ಟೋ ತಂಡಗಳು ಮರುಜೋಡಣೆಯನ್ನೇ ಕೈಬಿಡುತ್ತವೆ.

ಮರುಜೋಡಣೆ ಆದ ಮೇಲೆ ನೇರವಾಗಿ ಮುಖ್ಯ ಬ್ರಾಂಚನ್ನು ನಿಮ್ಮ ಬ್ರಾಂಚಿಗೆ ಮರ್ಜ್ ಮಾಡಲು ಹೋಗಬೇಡಿ. ಮೊದಲು ಮರುಜೋಡಣೆ ಕಮಿಟ್‌ಗೆ ಸರಿಯಾಗಿ ಒಂದು ಹೆಜ್ಜೆ ಹಿಂದಿನ ಕಮಿಟ್ ಅನ್ನು ಮರ್ಜ್ ಮಾಡಿ. ಇಲ್ಲಿ ಕಾನ್‌ಫ್ಲಿಕ್ಟ್ ಬಂದರೆ ಅದು ನಿಜವಾದ ಕಾನ್‌ಫ್ಲಿಕ್ಟ್, ಹೇಗಿದ್ದರೂ ಬರುತ್ತಿತ್ತು. ಈಗ ಅದೇ ಆವೃತ್ತಿಯ ಫಾರ್ಮ್ಯಾಟರನ್ನು, ಅದೇ ಕಾನ್ಫಿಗ್ ಇಟ್ಟುಕೊಂಡು, ನಿಮ್ಮ ಬ್ರಾಂಚಿನ ಮೇಲೆ ಓಡಿಸಿ ಕಮಿಟ್ ಮಾಡಿ. ಈ ಹಂತದಲ್ಲಿ ನಿಮ್ಮ ಬ್ರಾಂಚ್ ಅಂದರೆ ಮರುಜೋಡಿಸಿದ ಮುಖ್ಯ ಬ್ರಾಂಚ್, ಅದರ ಮೇಲೆ ನಿಮ್ಮ ಬದಲಾವಣೆ. ಗಿಟ್‌ಗೆ ಅದು ಗೊತ್ತಿಲ್ಲ ಅಷ್ಟೇ. ಗೊತ್ತು ಮಾಡಲು ಮರುಜೋಡಣೆ ಕಮಿಟ್ ಅನ್ನು ಅವರ್ಸ್ ಅನ್ನುವ ಸ್ಟ್ರ್ಯಾಟೆಜಿ ಕೊಟ್ಟು ಮರ್ಜ್ ಮಾಡಿ. ಅದು ನಿಮ್ಮ ಫೈಲ್‌ಗಳನ್ನು ಮುಟ್ಟುವುದಿಲ್ಲ, ಮರ್ಜ್ ಆಗಿದೆ ಅಂತ ದಾಖಲಿಸುತ್ತದೆ. ಅಲ್ಲಿಂದ ಮುಂದಿನದೆಲ್ಲ ಮಾಮೂಲಿ ಮರ್ಜ್.

ಒಂದೇ ಎಚ್ಚರ. ಸ್ಟ್ರ್ಯಾಟೆಜಿ ಅವರ್ಸ್ ಬೇರೆ, ಸ್ಟ್ರ್ಯಾಟೆಜಿಯ ಆಯ್ಕೆಯಾಗಿ ಕೊಡುವ ಅವರ್ಸ್ ಬೇರೆ. ಮೊದಲನೆಯದು ಆ ಕಡೆಯ ಬದಲಾವಣೆಗಳನ್ನು ಪೂರ್ತಿ ಬಿಟ್ಟುಬಿಡುತ್ತದೆ, ಎರಡನೆಯದು ಕಾನ್‌ಫ್ಲಿಕ್ಟ್ ಬಂದ ಜಾಗದಲ್ಲಿ ಮಾತ್ರ ನಮ್ಮದನ್ನು ಉಳಿಸುತ್ತದೆ. ಮೊದಲನೆಯದನ್ನು ಮರುಜೋಡಣೆ ಕಮಿಟ್ ಒಂದಕ್ಕೆ ಮಾತ್ರ ಬಳಸಿ. ಮುಖ್ಯ ಬ್ರಾಂಚಿನ ತುದಿಗೆ ಬಳಸಿದರೆ ಬೇರೆಯವರ ಕೆಲಸ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ಈ ಹೆಜ್ಜೆಗಳನ್ನು ಒಂದು ಸ್ಕ್ರಿಪ್ಟ್ ಮಾಡಿ ರೆಪೊದಲ್ಲೇ ಇಡಿ. ಹೊರೆ ಯಾರದು ಅಂತ @ಹಳೆಕೋಡ್ ಕೇಳಿದರಲ್ಲ, ಮರುಜೋಡಣೆ ಮಾಡುವವರದೇ. ಬ್ರಾಂಚ್ ತೆರೆದಿಟ್ಟವರ ಜೊತೆ ಕೂತು ಆ ಸ್ಕ್ರಿಪ್ಟ್ ಓಡಿಸಿ ಕೊಡುವುದೂ ಅವರ ಕೆಲಸದ ಭಾಗ.

ಹೊಸ_ಕೊಡುಗೆ

ಹೊರಗಿನಿಂದ ಬಂದು ಕೊಡುಗೆ ಕೊಡುವವನಾಗಿ ಒಂದು ಮಾತು. "ಇಲ್ಲಿ ಸ್ಪೇಸ್ ಬಿಡಿ" ಅಂತ ಹಿರಿಯರೊಬ್ಬರು ಬರೆದಾಗ ನನಗೆ ಮುಜುಗರ ಆಗುತ್ತದೆ. ಅದನ್ನೇ ಸಿಐ ಹೇಳಿದರೆ ಏನೂ ಅನಿಸುವುದಿಲ್ಲ. ಆದೇಶ ಓಡಿಸುತ್ತೇನೆ, ಮುಂದೆ ಹೋಗುತ್ತೇನೆ. ಎಲ್ಲರಿಗೂ ಒಂದೇ ಅಳತೆ ಅನ್ನುವುದೂ ಗೊತ್ತಾಗುತ್ತದೆ. ಮನುಷ್ಯರ ರಿವ್ಯೂನಲ್ಲಿ ಹಳಬರಿಗೆ ಬಿಟ್ಟದ್ದನ್ನು ಹೊಸಬರಿಗೆ ಬಿಡದೇ ಇರುವುದುಂಟು.

ಒಂದೇ ಕೋರಿಕೆ. ರೆಪೊ ಕ್ಲೋನ್ ಮಾಡಿದ ಮೇಲೆ ಒಂದೇ ಆದೇಶದಲ್ಲಿ ಎಲ್ಲ ಉಪಕರಣ ಸಿದ್ಧವಾಗಲಿ. ಒಂದು ಸಾಲಿನ ಬದಲಾವಣೆಗೆ ನಾಲ್ಕು ಉಪಕರಣ ಕೈಯಾರೆ ಹಾಕಿಕೊಳ್ಳಬೇಕು ಅಂದರೆ ನಾನು ಪುಲ್ ರಿಕ್ವೆಸ್ಟ್ ಕಳಿಸುವುದೇ ಇಲ್ಲ.

ಸಾಲಿನ_ಕೊನೆ

ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಫಾರ್ಮ್ಯಾಟರ್‌ಗೂ ಮೊದಲು ಸಾಲಿನ ಅಂತ್ಯದ ಗುರುತು ಸರಿ ಮಾಡಿ. ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಎರಡು ಅದೃಶ್ಯ ಅಕ್ಷರ, ಲಿನಕ್ಸ್, ಮ್ಯಾಕ್‌ನಲ್ಲಿ ಒಂದು. ಅವು ಬೆರೆತರೆ ಡಿಫ್‌ನಲ್ಲಿ ಎಲ್ಲ ಸಾಲೂ ಬದಲಾದಂತೆ ಕಾಣುತ್ತವೆ, ಕಣ್ಣಿಗೆ ಮಾತ್ರ ಏನೂ ವ್ಯತ್ಯಾಸ ಕಾಣದು. ಗಿಟ್-ಅಟ್ರಿಬ್ಯೂಟ್ಸ್ ಫೈಲಿನಲ್ಲಿ ಟೆಕ್ಸ್ಟ್ ಫೈಲ್‌ಗಳೆಲ್ಲ ಎಲ್‌ಎಫ್ (ಆ ಒಂದೇ ಅಕ್ಷರದ ಗುರುತು) ಅಂತ ಒಂದು ಸಾಲು ಬರೆಯಿರಿ, ಆಮೇಲೆ ಗಿಟ್ ಆ್ಯಡ್‌ಗೆ ರೀನಾರ್ಮಲೈಸ್ ಆಯ್ಕೆ ಕೊಟ್ಟು ಒಂದು ಪ್ರತ್ಯೇಕ ಕಮಿಟ್ ಮಾಡಿ. ಒಬ್ಬೊಬ್ಬರ ಯಂತ್ರದ ಆಟೋ-ಸಿಆರ್‌ಎಲ್‌ಎಫ್ ಸೆಟ್ಟಿಂಗ್ ನಂಬಿ ಕೂರಬೇಡಿ. ಎಡಿಟರ್‌ಕಾನ್ಫಿಗ್ ಫೈಲೂ ಒಂದು ಇರಲಿ. ಮೇಕ್‌ಫೈಲ್‌ಗೆ ಟ್ಯಾಬ್ ಬೇಕೇ ಬೇಕು, ಅದನ್ನು ಅಲ್ಲಿ ಬೇರೆಯಾಗಿ ಬರೆಯಿರಿ.

ದೊಡ್ಡ_ಅಕ್ಷರ

ನನಗೆ ದೃಷ್ಟಿ ತುಂಬಾ ಕಡಿಮೆ. ಪರದೆಯ ಮೇಲೆ ಅಕ್ಷರ ಬಹಳ ದೊಡ್ಡದು ಮಾಡಿಕೊಂಡು ಓದುತ್ತೇನೆ. ಒಂದು ಸಾಲಿನಲ್ಲಿ ನನಗೆ ಕಾಣುವುದು ಕೆಲವೇ ಅಕ್ಷರ. ನಾಲ್ಕು ಸ್ಪೇಸ್ ಇಂಡೆಂಟ್ ಇರುವ ಫೈಲಿನಲ್ಲಿ ಮೂರು ಹಂತ ಒಳಗೆ ಹೋದರೆ ಹನ್ನೆರಡು ಅಕ್ಷರದ ಜಾಗ ಖಾಲಿಯಾಗಿಯೇ ಹೋಗುತ್ತದೆ. ಕೋಡ್ ಪರದೆಯಿಂದ ಆಚೆ. ಟ್ಯಾಬ್ ಆದರೆ ನನ್ನ ಎಡಿಟರ್‌ನಲ್ಲಿ ಅದರ ಅಗಲ ಒಂದು ಅಂತ ಇಟ್ಟುಕೊಳ್ಳುತ್ತೇನೆ, ನಿಮ್ಮಲ್ಲಿ ಎಂಟು ಇದ್ದರೂ ನನಗೆ ತೊಂದರೆ ಇಲ್ಲ. ಬ್ರೈಲ್ ಡಿಸ್‌ಪ್ಲೇ ಬಳಸುವವರದೂ ಇದೇ ಮಾತು. ಅವರಿಗೆ ಪ್ರತಿ ಸ್ಪೇಸ್ ಕೂಡ ಬೆರಳಡಿ ಒಂದೊಂದು ಕೋಶ ತಿನ್ನುತ್ತದೆ.

ಟ್ಯಾಬೋ ಸ್ಪೇಸೋ ಅನ್ನುವುದನ್ನು ಇಲ್ಲಿ ಬರೀ ರುಚಿಯ ಪ್ರಶ್ನೆಯಂತೆ ನೋಡುತ್ತಿದ್ದೀರಿ. ಬಹುಪಾಲು ಜನರಿಗೆ ಹಾಗೇ ಇರಬಹುದು. ನನಗೆ ಹಾಗಲ್ಲ. ಕಡ್ಡಾಯ ಮಾಡುವ ಮೊದಲು, ಒಂದು ಸಲ ಕಡ್ಡಾಯ ಆದ ಮೇಲೆ ಬದಲಾಯಿಸುವುದು ಎಷ್ಟು ಕಷ್ಟ ಅಂತ ಯೋಚಿಸಿ.

ಎರಡು_ಸ್ಪೇಸ್

ಹೀಗೆ ಯೋಚನೆಯೇ ಮಾಡಿರಲಿಲ್ಲ. ಕೇಳಬೇಕು ಅನಿಸಿತು: ಗಿಟ್‌ನಲ್ಲಿ ಕ್ಲೀನ್, ಸ್ಮಜ್ ಅಂತ ಫಿಲ್ಟರ್‌ಗಳು ಇವೆ ಅಲ್ವಾ? ಚೆಕ್‌ಔಟ್ ಮಾಡುವಾಗ ಸ್ಪೇಸ್ ಹೋಗಿ ಟ್ಯಾಬ್ ಆಗುವಂತೆ, ಕಮಿಟ್ ಮಾಡುವಾಗ ಮತ್ತೆ ಸ್ಪೇಸ್ ಆಗುವಂತೆ ಇಟ್ಟುಕೊಂಡರೆ ನಿಮಗೆ ಸಾಕಾಗುತ್ತದಾ?

ದೊಡ್ಡ_ಅಕ್ಷರ

ನನ್ನ ಯಂತ್ರದಲ್ಲಿ ಆಗುತ್ತದೆ, ಬಳಸುತ್ತೇನೆ ಕೂಡ. ಆದರೆ ರಿವ್ಯೂ ನಡೆಯುವುದು ಬ್ರೌಸರ್‌ನಲ್ಲಿ. ಅಲ್ಲಿ ರೆಪೊದಲ್ಲಿ ಇರುವುದೇ ಕಾಣುವುದು. ಬೇರೆಯವರ ಕೋಡ್ ರಿವ್ಯೂ ಮಾಡುವುದಕ್ಕೂ ನನಗೆ ಇಷ್ಟ ಇದೆ, ಬರೀ ಬರೆದು ಕಳಿಸುವುದಕ್ಕೆ ಮಾತ್ರ ಅಲ್ಲ.

ಪೈಥಾನ್_ದಿನಚರಿ

@ದೊಡ್ಡ_ಅಕ್ಷರ ಅವರೇ, ಬರೆದದ್ದಕ್ಕೆ ಧನ್ಯವಾದ. ಉಪಕರಣಗಳ ಸ್ಥಿತಿ ಹೀಗಿದೆ. ಗೋ ಭಾಷೆಯ ಗೋಫಮ್ಟ್ ಇಂಡೆಂಟ್‌ಗೆ ಟ್ಯಾಬನ್ನೇ ಬಳಸುತ್ತದೆ. ಪ್ರಿಟಿಯರ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ಟ್ಯಾಬ್. ಕ್ಲಾಂಗ್-ಫಾರ್ಮ್ಯಾಟ್‌ನಲ್ಲೂ ಇದೆ. ಬ್ಲ್ಯಾಕ್‌ನಲ್ಲಿ ಮಾತ್ರ ಸ್ಪೇಸ್ ಬಿಟ್ಟು ಬೇರೆ ದಾರಿಯಿಲ್ಲ, ಪೆಪ್ 8 ಕೂಡ ಸ್ಪೇಸ್ ಕಡೆಗೇ. ಆದರೆ ರಫ್ ಅನ್ನುವ ಇನ್ನೊಂದು ಪೈಥಾನ್ ಉಪಕರಣದ ಫಾರ್ಮ್ಯಾಟರ್ ಹೆಚ್ಚುಕಮ್ಮಿ ಬ್ಲ್ಯಾಕ್‌ನಂತೆಯೇ ಜೋಡಿಸುತ್ತದೆ, ಅದರಲ್ಲಿ ಟ್ಯಾಬ್ ಆಯ್ಕೆ ಇದೆ. ಹಾಗಾಗಿ ಪೈಥಾನ್‌ನಲ್ಲೂ ಸಾಧ್ಯ.

ಫಾರ್ಮ್ಯಾಟರ್ ಕಡ್ಡಾಯ ಇರುವುದೇ ಇಲ್ಲಿ ಅನುಕೂಲ. ಟ್ಯಾಬ್ ಬಗ್ಗೆ ಹಳೆಯ ಹೆದರಿಕೆ ಏನು? ಒಬ್ಬರು ಟ್ಯಾಬ್, ಒಬ್ಬರು ಸ್ಪೇಸ್ ಹಾಕಿ ಎರಡೂ ಬೆರೆಯುತ್ತದೆ ಅನ್ನುವುದು. ಯಂತ್ರ ಕಾಯುತ್ತಿದ್ದರೆ ಬೆರೆಯುವ ಪ್ರಶ್ನೆಯೇ ಇಲ್ಲ.

ಸಾಲಿನ ಉದ್ದದ ಜಗಳ ಬರುವ ಮೊದಲೇ ಒಂದು ಮಾತು. 80 ಅನ್ನುವ ಸಂಖ್ಯೆಗೆ ಬೇರು 1928ರ ಐಬಿಎಂ ಪಂಚ್ ಕಾರ್ಡ್, ಅದರಲ್ಲಿ 80 ಕಾಲಂ ಇದ್ದವು. ಪೆಪ್ 8 ಹೇಳುವುದು 79, ಬ್ಲ್ಯಾಕ್ ಇಟ್ಟಿರುವುದು 88, ರಸ್ಟ್‌ಎಫ್‌ಎಂಟಿ 100. ಲಿನಕ್ಸ್ ಕರ್ನಲ್‌ನವರೂ 2020ರಲ್ಲಿ ತಮ್ಮ ಚೆಕ್‌ಪ್ಯಾಚ್ ಸ್ಕ್ರಿಪ್ಟಿನ ಎಚ್ಚರಿಕೆಯನ್ನು 80ರಿಂದ 100ಕ್ಕೆ ಏರಿಸಿದರು. ಉಪಕರಣ ಕೊಟ್ಟದ್ದನ್ನೇ ತೆಗೆದುಕೊಳ್ಳಿ, ಇದಕ್ಕೆ ಸಭೆ ಸೇರಬೇಡಿ.

ಹಳೆಕೋಡ್

@ಮರ್ಜ್_ಮಾಡುವವಳು ಹೇಳಿದ್ದನ್ನು ಒಂದು ಹಳೆಯ ಬ್ರಾಂಚ್ ನಕಲಿನ ಮೇಲೆ ಮಾಡಿ ನೋಡಿದೆ. ಕೆಲಸ ಮಾಡುತ್ತದೆ. ಇತಿಹಾಸ ಮತ್ತು ಬ್ರಾಂಚ್ ಬಗ್ಗೆ ನನ್ನ ಆಕ್ಷೇಪ ವಾಪಸ್ ತೆಗೆದುಕೊಂಡೆ.

ಸಿ++ ಫೋಲ್ಡರ್ ಬಗ್ಗೆ ಮಾತ್ರ ಒಪ್ಪುವುದಿಲ್ಲ. ಅಲ್ಲಿ ಟೆಸ್ಟ್ ಕಮ್ಮಿ. ಜೋಡಣೆ ಬದಲಿಸಿದರೆ ಕೋಡಿನ ಅರ್ಥ ಬದಲಾಗುವುದಿಲ್ಲ ಅಂತ ಯಾರು ಖಾತರಿ ಕೊಡುತ್ತಾರೆ?

ಸಿ++_ಬಳಕೆ

ಈ ಪ್ರಶ್ನೆ ಸರಿಯಾಗಿದೆ. ಬ್ಲ್ಯಾಕ್ ತಾನು ಬದಲಿಸುವ ಮೊದಲಿನ ಮತ್ತು ಆಮೇಲಿನ ಕೋಡಿನ ಸಿಂಟ್ಯಾಕ್ಸ್ ಟ್ರೀ ಹೋಲಿಸಿ ನೋಡುತ್ತದೆ, ಬೇರೆಯಾದರೆ ಫೈಲ್ ಬರೆಯುವುದಿಲ್ಲ. ಕ್ಲಾಂಗ್-ಫಾರ್ಮ್ಯಾಟ್‌ನಲ್ಲಿ ಆ ಭರವಸೆ ಇಲ್ಲ. ಅದರಲ್ಲೂ ಇನ್‌ಕ್ಲೂಡ್ (ಬೇರೆ ಫೈಲ್ ಸೇರಿಸುವ) ಸಾಲುಗಳ ವಿಂಗಡಣೆ. ಕ್ಲಾಂಗ್-ಫಾರ್ಮ್ಯಾಟ್‌ನ ಮಾಮೂಲಿ ಎಲ್‌ಎಲ್‌ವಿಎಂ ಶೈಲಿಯಲ್ಲಿ ಅದು ತಾನಾಗಿಯೇ ಆನ್ ಇರುತ್ತದೆ. ಹಳೆಯ ಹೆಡರ್‌ಗಳು ಒಂದರ ಮೇಲೊಂದು ಅವಲಂಬಿಸಿರುತ್ತವೆ. ಒಂದು ಹೆಡರ್ ಮ್ಯಾಕ್ರೊ ಕೊಡುತ್ತದೆ, ಅದರ ನಂತರ ಬರುವ ಹೆಡರ್ ಅದನ್ನು ಬಳಸುತ್ತದೆ. ಅಕ್ಷರ ಕ್ರಮದಲ್ಲಿ ಜೋಡಿಸಿದರೆ ಬಳಸುವುದು ಮೊದಲು, ಕೊಡುವುದು ಆಮೇಲೆ. ಬಿಲ್ಡ್ ಮುರಿದರೆ ಪುಣ್ಯ, ಗೊತ್ತಾಗುತ್ತದೆ. ಮ್ಯಾಕ್ರೊ ಇಲ್ಲದಿದ್ದರೂ ಕಂಪೈಲ್ ಆಗುವ ಕೋಡ್ ಆದರೆ ಸದ್ದಿಲ್ಲದೆ ಬೇರೆ ದಾರಿಯಲ್ಲಿ ಓಡುತ್ತದೆ.

ಇಂಥ ಬದಲಾವಣೆಯನ್ನು ಫಾರ್ಮ್ಯಾಟಿಂಗ್ ಅಂತ ಕರೆಯಲೇಬಾರದು. ಆ ಆಯ್ಕೆ ಆಫ್ ಮಾಡಿ. ಹಳೆಯ ಫೋಲ್ಡರಿಗೆ ಗಿಟ್-ಕ್ಲಾಂಗ್-ಫಾರ್ಮ್ಯಾಟ್ ಬಳಸಿ, ಅದು ನೀವು ಮುಟ್ಟಿದ ಸಾಲುಗಳನ್ನು ಮಾತ್ರ ಜೋಡಿಸುತ್ತದೆ. ಶೈಲಿ ಸ್ವಲ್ಪ ದಿನ ಬೆರಕೆ ಇರುತ್ತದೆ, ಇರಲಿ. ಹೊರಗಿನಿಂದ ತಂದಿಟ್ಟ ಲೈಬ್ರರಿ ಕೋಡ್, ಉಪಕರಣಗಳು ತಾವೇ ಬರೆದ ಫೈಲ್, ಇವನ್ನಂತೂ ಮುಟ್ಟಲೇಬೇಡಿ. ನಾಳೆ ಲೈಬ್ರರಿಯ ಹೊಸ ಆವೃತ್ತಿ ತಂದಾಗ ಹೋಲಿಸಲು ಆಗುವುದಿಲ್ಲ.

ರೆಪೊ_ಕಾವಲು

ಎಲ್ಲರಿಗೂ ವಂದನೆ. ನಾವು ಮಾಡಬೇಕು ಅಂತಿರುವುದನ್ನು ಬರೆಯುತ್ತೇನೆ, ತಪ್ಪಿದ್ದರೆ ಹೇಳಿ.

ಮೊದಲು ಸಾಲಿನ ಅಂತ್ಯದ ಕಮಿಟ್, ಒಂದೇ. ಆಮೇಲೆ ಪೈಥಾನ್ ಮತ್ತು ಜಾವಾಸ್ಕ್ರಿಪ್ಟ್ ಒಂದೇ ಸಲಕ್ಕೆ ಮರುಜೋಡಣೆ, ಬಿಡುಗಡೆ ಮುಗಿದ ಮರುದಿನ, ತೆರೆದ ಬ್ರಾಂಚ್ ಕಮ್ಮಿ ಇರುವಾಗ. ಸ್ವಲ್ಪ ಸ್ವಲ್ಪವಾಗಿ, ಮುಟ್ಟಿದ ಫೈಲ್ ಮಾತ್ರ ಅನ್ನುವ ದಾರಿ ಈ ಎರಡಕ್ಕೆ ಬೇಡ ಅಂತ ತೀರ್ಮಾನಿಸಿದೆ. ಹಾಗೆ ಮಾಡಿದರೆ ನಾನು ಮೊದಲು ಹೇಳಿದ ಕೆಂಪು-ಹಸಿರು ಡಿಫ್ ಪ್ರತಿ ಫೈಲಿಗೂ ಒಂದೊಂದು ಸಲ ಬರುತ್ತದೆ, ಅದೂ ನಿಜವಾದ ಬದಲಾವಣೆಯ ಜೊತೆಗೇ ಬೆರೆತು. ಸಿ++ಗೆ ಮುಟ್ಟಿದ ಸಾಲು ಮಾತ್ರ, ಇನ್‌ಕ್ಲೂಡ್ ವಿಂಗಡಣೆ ಆಫ್. ಇಂಡೆಂಟ್ ಎಲ್ಲ ಕಡೆ ಟ್ಯಾಬ್. ಪೈಥಾನ್‌ಗೆ ಅದಕ್ಕಾಗಿಯೇ ಬ್ಲ್ಯಾಕ್ ಬಿಟ್ಟು ರಫ್. ಪೆಪ್ 8 ಸ್ಪೇಸ್ ಅನ್ನುತ್ತದೆ ನಿಜ, ಆದರೆ ಟ್ಯಾಬ್‌ನಿಂದ ನಮಗೆ ಆಗುವ ನಷ್ಟ ಏನೂ ಇಲ್ಲ, @ದೊಡ್ಡ_ಅಕ್ಷರ ಅವರಂಥವರು ರಿವ್ಯೂಗೆ ಬರಲು ದಾರಿ ಆಗುತ್ತದೆ. ಉಳಿದ ಆಯ್ಕೆಗಳೆಲ್ಲ ಉಪಕರಣ ಕೊಟ್ಟ ಹಾಗೆಯೇ ಇರಲಿ.

ಶೈಲಿಯ ದಾಖಲೆಯಿಂದ ಕೋಟ್, ಸ್ಪೇಸ್, ಕಾಮಾ ಬಗ್ಗೆ ಇರುವ ಪುಟಗಳನ್ನು ತೆಗೆದುಹಾಕುತ್ತೇವೆ. ಹೆಸರು ಇಡುವುದು ಹೇಗೆ, ದೋಷ ಬಂದರೆ ಏನು ಮಾಡಬೇಕು ಅನ್ನುವ ಭಾಗ ಉಳಿಯುತ್ತದೆ. ಅದನ್ನು ಯಂತ್ರ ನೋಡಲಾರದು.

ಗೋ ಭಾಷೆಯವರು ಈ ವಿಷಯದಲ್ಲಿ ಅದೃಷ್ಟವಂತರು. 2009ರಲ್ಲಿ ಭಾಷೆ ಹೊರಬಂದಾಗಲೇ ಗೋಫಮ್ಟ್ ಜೊತೆಗಿತ್ತು. ಅದರ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆದರೂ ಗೋಫಮ್ಟ್ ಎಲ್ಲರಿಗೂ ಅಚ್ಚುಮೆಚ್ಚು ಅಂತ ಗೋ ರೂಪಿಸಿದವರಲ್ಲಿ ಒಬ್ಬರಾದ ರಾಬ್ ಪೈಕ್ ಹೇಳಿದ್ದಾರೆ. ನಾವು ತಡವಾಗಿ ಅಲ್ಲಿಗೆ ಹೋಗುತ್ತಿದ್ದೇವೆ.

ಹಳೆಕೋಡ್

ಒಪ್ಪಿಗೆ. ಮ್ಯಾಟ್ರಿಕ್ಸ್ ಇರುವ ಫೈಲ್‌ಗಳಿಗೆ ಮುಟ್ಟಬೇಡ ಗುರುತು ಹಾಕುವ ಕೆಲಸ ನಾನು ಮಾಡುತ್ತೇನೆ, ಕಾರಣದ ಸಮೇತ. ಮರುಜೋಡಣೆಗೆ ಮೊದಲೇ ಆಗಬೇಕು, ಆಮೇಲೆ ಹಾಕಿ ಪ್ರಯೋಜನವಿಲ್ಲ.

ಟೆಸ್ಟ್_ಹಸಿರು

@ರೆಪೊ_ಕಾವಲು ಅವರೇ, ನಿಮ್ಮ ರೆಪೊದಲ್ಲಿ ಪುಲ್ ರಿಕ್ವೆಸ್ಟ್‌ಗಳು ಸ್ಕ್ವಾಶ್ ಮರ್ಜ್ (ಎಲ್ಲ ಕಮಿಟ್‌ಗಳೂ ಒಂದೇ ಕಮಿಟ್ ಆಗಿ ಸೇರುವುದು) ಆಗುತ್ತವಾ? ಹಾಗಿದ್ದರೆ ಇಗ್ನೋರ್-ರೆವ್ಸ್ ಫೈಲನ್ನು ಮರುಜೋಡಣೆಯ ಪುಲ್ ರಿಕ್ವೆಸ್ಟಿನಲ್ಲೇ ಸೇರಿಸಬೇಡಿ. ಸ್ಕ್ವಾಶ್ ಮಾಡಿದಾಗ ಹೊಸ ಹ್ಯಾಶ್ ಹುಟ್ಟುತ್ತದೆ, ನೀವು ಬರೆದ ಹ್ಯಾಶ್ ಮುಖ್ಯ ಬ್ರಾಂಚಿನಲ್ಲಿ ಇರುವುದೇ ಇಲ್ಲ. ಗಿಟ್‌ಹಬ್‌ನ ರೀಬೇಸ್ ಮರ್ಜ್ ಕೂಡ ಹ್ಯಾಶ್ ಬದಲಿಸುತ್ತದೆ. ಮೊದಲು ಮರುಜೋಡಣೆ ಮರ್ಜ್ ಆಗಲಿ. ಮುಖ್ಯ ಬ್ರಾಂಚಿನಿಂದ ಪೂರ್ತಿ ನಲವತ್ತು ಅಕ್ಷರದ ಹ್ಯಾಶ್ ತೆಗೆದುಕೊಂಡು ಎರಡನೇ ಪುಲ್ ರಿಕ್ವೆಸ್ಟಿನಲ್ಲಿ ಆ ಫೈಲ್ ಹಾಕಿ. ಸಾಲಿನ ಅಂತ್ಯದ ಕಮಿಟ್‌ನ ಹ್ಯಾಶನ್ನೂ ಅದರಲ್ಲೇ ಬರೆಯಿರಿ.

ರೆಪೊ_ಕಾವಲು

ಸ್ಕ್ವಾಶ್ ಮಾತ್ರ ಬಳಸುತ್ತೇವೆ. ಎರಡು ಪುಲ್ ರಿಕ್ವೆಸ್ಟ್ ಅಂತ ಯೋಜನೆ ತಿದ್ದಿದೆ. ಬ್ರಾಂಚ್ ಸ್ಕ್ರಿಪ್ಟ್ ಕೂಡ ಎರಡನೆಯದರಲ್ಲೇ ಹೋಗುತ್ತದೆ, ಅದಕ್ಕೂ ಅದೇ ಹ್ಯಾಶ್ ಬೇಕು.